ವಿಚಾರಣಾ ಸಭೆಯಲ್ಲಿ ಶ್ರೋತೃಗಳ ಸ್ಥಾನ

ಯಾವುದೊಂದು ವ್ಯಾಜ್ಯದ ವಿಚಾರಣೆಯನ್ನು ನೆನೆದರೂ ಸಾಮಾನ್ಯವಾಗಿ ಮೂವರು ಕಣ್ಣ ಮುಂದೆ ಬರುವರು: ಬೇಡುವ ವಾದಿ, ಉತ್ತರ ಕೊಡುವ ಪ್ರತಿವಾದಿ, ನಿರ್ಣಯವನ್ನು ಹೇಳುವ ಅಧಿಪತಿ. ಇವರಲ್ಲದೆ ನಾಲ್ಕನೆಯವನೊಬ್ಬನುಂಟು. ಅವನಿಗೆ ಆ ವ್ಯಾಜ್ಯದಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಸಭೆಯಲ್ಲಿ ಬಾಯಿಬಿಡುವ ಅಧಿಕಾರವಂತೂ ಇಲ್ಲವೇ ಇಲ್ಲ. ಒಂದು ಪಕ್ಕದಲ್ಲಿ ಕುಳಿತು ನಡೆದುದನ್ನು ಕೇಳಿ, ಊರಿಗೆ ಹಿಂದಿರುಗಿ ನಾಲ್ವರಿಗೆ ಹೇಳುವುದಷ್ಟೇ ಅವನ ಕೆಲಸ. ಮುದ್ರಣಯಂತ್ರವು ಬಂದ ಮೇಲೆ ವರ್ತಮಾನ ಪತ್ರಿಕೆಯ ವರದಿಗಾರನು ಅವನ ಪ್ರತಿನಿಧಿಯಾಗಿ ಅದೇ ಪಕ್ಕದಲ್ಲಿ ಕುಳಿತನು. ಸರಕಾರದ ಕಾಗದಪತ್ರಗಳನ್ನು ಪ್ರಜೆಗಳಿಗೆ ತೋರಿಸಬೇಕೆಂಬ ಕಾಯಿದೆಯು ದೇಶದಲ್ಲಿ ಜಾರಿಗೆ ಬಂದು ಎರಡು ದಶಕಗಳಾದವು. ಆ ಕಾಯಿದೆಯ ಮೇರೆಗೆ ಮೇಲ್ಮನವಿಗಳನ್ನು ಕೇಳುವ ಆಯೋಗದ ಮುಂದೆ ಈ ನಾಲ್ಕನೆಯವನ ಆಸನವು ಎಲ್ಲಿರುವುದು? ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ವಾಚಕರಿಗೆ ಇದು ದೂರದ ಬೆಂಗಳೂರಿನ ಸಂಗತಿಯೆಂದು ತೋರಬಹುದು. ಆದರೆ ಇದಕ್ಕೆ ಸಂಬಂಧಿಸಿದ ಒಂದು ಹಳೆಯ ಉತ್ತರವು ಇದೇ ಸೀಮೆಯ ಕಲ್ಲಿನ ಮೇಲೆ ಬರೆಯಲ್ಪಟ್ಟಿದೆ. ಆದಕಾರಣ ಈ ವಿಷಯವನ್ನು ಮೊದಲಿನಿಂದ ನೋಡುವುದು ಯುಕ್ತವಾಗಿದೆ.

ಪ್ರಾಚೀನರ ವ್ಯವಹಾರಶಾಸ್ತ್ರದಲ್ಲಿ ಈ ನಾಲ್ಕನೆಯವನಿಗೆ ಹೆಸರೂ ಇತ್ತು, ಆಸನವೂ ಇತ್ತು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು (1076–1126) ಆಳುತ್ತಿದ್ದಾಗ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಕನ್ನಡನಾಡಿನಲ್ಲಿ ಹುಟ್ಟಿದ ಈ ಗ್ರಂಥವು ಭರತಖಂಡದ ಬಹುಭಾಗದಲ್ಲಿ ಪ್ರಮಾಣವೆನಿಸಿಕೊಂಡುದು ಸರ್ವವಿದಿತವಾಗಿದೆ. ವ್ಯವಹಾರಾಧ್ಯಾಯದ ಆರಂಭದಲ್ಲಿ ಸಭೆಯ ಸ್ವರೂಪವನ್ನು ವಿವರಿಸುವಾಗ ವಿಜ್ಞಾನೇಶ್ವರನು, ಶಾಸ್ತ್ರಜ್ಞರಾದ ಸಭ್ಯರಲ್ಲದೆ ಕೆಲವು ಮಂದಿ ವರ್ತಕರೂ ಅಲ್ಲಿ ಕುಳಿತಿರಬೇಕೆಂದು ಹೇಳಿ, ಕಾತ್ಯಾಯನನ ವಚನವನ್ನು ಆಧಾರವಾಗಿ ಕೊಡುವನು. ಇದರ ಪ್ರಯೋಜನವು ಲೋಕರಂಜನೆಯೆಂದು ಆತನ ಮತ. ರಂಜನೆಯೆಂದರೆ ಇಲ್ಲಿ ವಿನೋದವಲ್ಲ. ತೀರ್ಪು ನ್ಯಾಯವಾಗಿ ಆಯಿತೆಂಬ ತೃಪ್ತಿಯು ಲೋಕಕ್ಕೆ ಉಂಟಾಗುವುದೇ ಈ ರಂಜನೆ. ಕಾತ್ಯಾಯನನದೇ ಆದ ಇನ್ನೊಂದು ವಚನದಲ್ಲಿ ಸಭೆಯ ವರ್ತಕರಿಗೆ ‘ಶ್ರೋತೃಗಳು’ ಎಂದೇ ಹೆಸರಿಟ್ಟಿದೆ. ಕೇಳುವುದೇ ಒಂದು ಪದವಿಯೆಂಬ ಭಾವನೆಯು ಈ ಮಾತಿನಲ್ಲಿ ಅಡಗಿದೆ.

ಶುಕ್ರನೀತಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವುದು. ನ್ಯಾಯಾಧಿಪತಿಯ ಮೇಲೆ ಪಕ್ಷಪಾತದ ಆರೋಪವು ಬರಲು ಕಾರಣಗಳು ಐದೆಂದು ಆ ಗ್ರಂಥವು ಎಣಿಸುವುದು. ರಾಗ, ಲೋಭ, ಭಯ, ದ್ವೇಷ ಎಂಬ ನಾಲ್ಕು ಮನಸ್ಸಿನ ದೋಷಗಳು; ಇವುಗಳ ಸಾಲಿನಲ್ಲಿಯೇ ಐದನೆಯದಾಗಿ, ವಾದಿ ಪ್ರತಿವಾದಿಗಳ ಮಾತನ್ನು ಏಕಾಂತದಲ್ಲಿ ಕೇಳುವುದು. ಮೊದಲಿನ ನಾಲ್ಕು ಅಂತರಂಗದಲ್ಲಿ ಇರುವಂಥವು. ಅವು ಇವೆಯೋ ಇಲ್ಲವೋ ಎಂಬುದನ್ನು ಹೊರಗಿನವರು ತಿಳಿಯಲಾರರು. ಐದನೆಯದಾದರೋ ಕೇವಲ ಸ್ಥಳದ ಏರ್ಪಾಟು. ಬಾಗಿಲನ್ನು ತೆರೆದಿಟ್ಟ ಮಾತ್ರದಿಂದಲೇ ಆ ಒಂದು ಆರೋಪವು ಇಲ್ಲವಾಗುವುದು. ಅಂತರಂಗವು ಶುದ್ಧವಾಗಿದ್ದವನೂ ಏಕಾಂತದಲ್ಲಿ ಕೇಳಿದನೆಂದರೆ ಅಪವಾದಕ್ಕೆ ಪಾತ್ರನಾಗುವನು.

ಆದರೆ ಒಂದು ಮಾತನ್ನು ಮರೆಮಾಚಬಾರದು. ಸ್ಮೃತಿಕಾರರು ಹೇಳಿದ ಶ್ರೋತೃಗಳು ಆಯ್ದ ಜನ. ಕುಲ, ಶೀಲ, ವಯಸ್ಸು, ಸಂಪತ್ತುಗಳುಳ್ಳ ವರ್ತಕರು. ಬಡವನಿಗೂ ಅಂತ್ಯಜನಿಗೂ ಆ ಸಭೆಯಲ್ಲಿ ಆಸನವನ್ನು ಆ ವಚನವು ಹೇಳಿಲ್ಲ. ಈ ಎಲ್ಲೆಯನ್ನು ಮೀರಿದ ವಿಚಾರಣೆಯೊಂದರ ದಾಖಲೆಯನ್ನು ನೋಡಬೇಕಾದರೆ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೋಗಬೇಕು.

ಶಕವರ್ಷ 1290, ಅಂದರೆ ಕ್ರಿ. ಶ. 1368ರಲ್ಲಿ, ಜೈನರಿಗೂ ಶ್ರೀವೈಷ್ಣವರಿಗೂ ವಿವಾದವು ಹುಟ್ಟಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮೊದಲಾದ ನಾಡುಗಳ ಜೈನರು ತಮಗಾದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ರಾಯನು ಇದನ್ನು ಅಂತಃಪುರದಲ್ಲಿ ತೀರಿಸಲಿಲ್ಲ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಶಾಸನವು ಹೆಸರಿಸುತ್ತದೆ. ಅವರೊಡನೆ ತಿರುಕುಲ, ಜಾಂಬವಕುಲದವರನ್ನೂ ಹೆಸರಿಸುತ್ತದೆ. ಇಂಥ ಸಮೂಹದ ಎದುರಿನಲ್ಲಿ ರಾಯನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದೂ, ಪಂಚಮಹಾವಾದ್ಯಗಳಿಗೂ ಕಳಶಕ್ಕೂ ಜೈನರು ಮೊದಲಿನಂತೆಯೇ ಅರ್ಹರೆಂದೂ ವಿಧಿಸಿದನು. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣವನ್ನು ಎತ್ತಿ, ಅದರಿಂದ ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಆಳುಗಳನ್ನಿಡಬೇಕು, ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಯಿಸಬೇಕು ಎಂಬ ಲೆಕ್ಕವೂ ಅದರಲ್ಲಿ ಸೇರಿದೆ. ಈ ನಿರ್ಣಯವನ್ನು ರಾಜ್ಯದ ಬಸದಿಗಳಲ್ಲೆಲ್ಲ ಕಲ್ಲಿನ ಮೇಲೆ ನೆಡಬೇಕೆಂದು ಆಜ್ಞೆಯಾಯಿತು. ಒಂದು ಪ್ರತಿಯು ಬೆಳಗೊಳದ ಭಂಡಾರಿ ಬಸದಿಯಲ್ಲಿದೆ. ಇನ್ನೊಂದು ಮಾಗಡಿ ಸೀಮೆಯ ಕಲ್ಯದಲ್ಲಿ ದೊರೆತಿದೆ.

ಈ ಶಾಸನವನ್ನು ಮತಸಾಮರಸ್ಯಕ್ಕೆ ಉದಾಹರಣೆಯಾಗಿ ಎತ್ತಿ ಹೇಳುವುದು ವಾಡಿಕೆ, ಅದು ಸರಿಯೇ. ಆದರೆ ವಿಚಾರಣಾಕ್ರಮದ ದೃಷ್ಟಿಯಿಂದಲೂ ಇದನ್ನು ನೋಡಬೇಕು. ಮೊದಲನೆಯದಾಗಿ, ಗೆದ್ದವರೂ ಸೋತವರೂ ಮಾತ್ರವಲ್ಲದೆ ಬಹುಜನರು ಸಾಕ್ಷಿಗಳಾಗಿ ನಿಂತರು. ಅವರಲ್ಲಿ ತೀರ ಕೆಳಗೆ ಎಣಿಸಲ್ಪಡುತ್ತಿದ್ದ ಕುಲಗಳವರೂ ಇದ್ದರು. ಎರಡನೆಯದಾಗಿ, ನಿರ್ಣಯವು ಕೇವಲ ಅರಮನೆಯ ಕಡತದಲ್ಲಿ ಉಳಿಯದೆ, ಯಾರು ಬೇಕಾದರೂ ಓದಬಹುದಾದ ಸ್ಥಳದಲ್ಲಿ ನಿಂತಿತು. ಎಷ್ಟು ಹಣವನ್ನು ಎತ್ತಬೇಕು, ಯಾವುದಕ್ಕೆ ವೆಚ್ಚ ಮಾಡಬೇಕು ಎಂಬುದು ಊರಿಗೆಲ್ಲ ತಿಳಿದ ಮೇಲೆ, ಆ ಹಣವನ್ನು ಬೇರೆಯದಕ್ಕೆ ತಿರುಗಿಸುವವನು ಎಲ್ಲರ ಕಣ್ಣಿನ ಎದುರಿನಲ್ಲಿಯೇ ತಿರುಗಿಸಬೇಕು.

ಅರಸರ ಕಾಲದಿಂದ ನವೀನ ಆಡಳಿತದ ಕಾಲಕ್ಕೆ ಬಂದರೆ, ಮೈಸೂರು ಸಂಸ್ಥಾನದಲ್ಲಿ ಎರಡು ವಿರುದ್ಧ ಪ್ರವೃತ್ತಿಗಳು ಕಾಣುವುವು. 1881ನೆಯ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿಗೆ ಕೂಡಿಸಿದರು. ತಾಲ್ಲೂಕು ತಾಲ್ಲೂಕಿನಿಂದ ರೈತರೂ ಜಿಲ್ಲೆ ಜಿಲ್ಲೆಯಿಂದ ವರ್ತಕರೂ ಕರೆಯಲ್ಪಟ್ಟರು. ಮೊದಲ ಸಭೆಗೆ ಬಂದವರು 144 ಮಂದಿ. ಆ ಸಭೆಗೆ ಆಗ ಶಾಸನ ಮಾಡುವ ಅಧಿಕಾರವಿರಲಿಲ್ಲ. ಸರಕಾರವು ತನ್ನ ಆದಾಯ, ವೆಚ್ಚ, ಕಾರ್ಯಗಳನ್ನು ಪ್ರಜೆಗಳ ಮುಂದೆ ಓದಿ ಹೇಳಿತು, ಅವರು ಕೇಳಿದರು, ಅಷ್ಟೇ. ಕೇವಲ ಶ್ರೋತೃಗಳಾಗಿ ಬಂದ ಆ ಸಭೆಯು ಕ್ರಮವಾಗಿ ಪ್ರಶ್ನೆ ಮಾಡುವ ಸಭೆಯಾಗಿ, 1923ರಲ್ಲಿ ಶಾಸನಬದ್ಧವಾದ ಸ್ಥಾನವನ್ನು ಪಡೆಯಿತು. ಕೇಳುವವನು ಬಹುಕಾಲ ಕೇಳುತ್ತಲೇ ಇರುವುದಿಲ್ಲವೆಂಬುದಕ್ಕೆ ಇದು ನಿದರ್ಶನ. ಇದರ ನಡುವೆಯೇ, 1908ರಲ್ಲಿ, ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ ವರ್ತಮಾನ ಪತ್ರಿಕೆಗಳ ರೆಗ್ಯುಲೇಷನ್ ಬಂದಿತು. ಸರಕಾರದ ಅನುಮತಿಯಿಲ್ಲದೆ ಪತ್ರಿಕೆ ನಡೆಸಕೂಡದೆಂದಾಯಿತು. ತಾತಯ್ಯನವರೆಂದು ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರು ಆ ಕಟ್ಟಿಗೆ ಒಳಗಾಗಿ ನಡೆಸುವುದಕ್ಕಿಂತ ನಿಲ್ಲಿಸುವುದೇ ಲೇಸೆಂದು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಸಭೆಗೆ ಪ್ರಜೆಗಳನ್ನು ಕರೆದ ಸರಕಾರವೇ ಸಭೆಯ ಮಾತನ್ನು ಊರಿಗೆ ಮುಟ್ಟಿಸುವವನಿಗೆ ಸಂಕೋಲೆಯನ್ನು ತೊಡಿಸಿದುದು ಇತಿಹಾಸದ ವೈಚಿತ್ರ್ಯವೇ ಸರಿ.

ಸ್ವತಂತ್ರ ಭಾರತದಲ್ಲಿ ಈ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯದ ಮುಂದೆ ನೇರವಾಗಿ ಬಂದುದು 1966ರ ಮಿರಾಜಕರ್ ಮೊಕದ್ದಮೆಯಲ್ಲಿ. ಮುಂಬಯಿಯ ‘ಬ್ಲಿಟ್ಜ್’ ವಾರಪತ್ರಿಕೆಯ ಸಂಪಾದಕರ ಮೇಲಿನ ಮಾನಹಾನಿ ದಾವೆಯಲ್ಲಿ, ಒಬ್ಬ ಸಾಕ್ಷಿಯ ಹೇಳಿಕೆಯನ್ನು ಪತ್ರಿಕೆಗಳು ಪ್ರಕಟಿಸಕೂಡದೆಂದು ಅಲ್ಲಿಯ ಹೈಕೋರ್ಟಿನ ನ್ಯಾಯಾಧೀಶರು ಬಾಯಿಮಾತಿನಲ್ಲಿ ಆಜ್ಞೆ ಮಾಡಿದರು. ಪತ್ರಿಕಾಕರ್ತರು ಅದನ್ನು ಪ್ರಶ್ನಿಸಿದರು. ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠದಲ್ಲಿ ಬಹುಮತವು ಪತ್ರಿಕಾಕರ್ತರ ಅರ್ಜಿಯನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ಹಿದಾಯತುಲ್ಲಾ ಅವರೊಬ್ಬರೇ ಭಿನ್ನಮತವನ್ನು ಕೊಟ್ಟರು. ಆದರೆ ಅರ್ಜಿಯನ್ನು ತಳ್ಳಿದ ಬಹುಮತವೂ ಒಂದು ತತ್ತ್ವವನ್ನು ಒಪ್ಪಿತು. ವಿಚಾರಣೆಯು ಬಹಿರಂಗವಾಗಿರುವುದೇ ನಿಯಮ. ಪ್ರಜೆಗಳ ಸಮಕ್ಷಮವು ನ್ಯಾಯಾಧಿಪತಿಯ ಸ್ವೇಚ್ಛೆಗೆ ತಡೆಯಾಗಿ ನ್ಯಾಯಾಲಯದಲ್ಲಿ ಜನರ ವಿಶ್ವಾಸವನ್ನು ಬೆಳೆಸುವುದು. ನ್ಯಾಯಕ್ಕೇ ಹಾನಿಯಾಗುವ ಅಪೂರ್ವ ಸಂದರ್ಭದಲ್ಲಿ ಮಾತ್ರ ಬಾಗಿಲನ್ನು ಮುಚ್ಚಬಹುದು. ಮಿತಾಕ್ಷರಾಕಾರನು ಲೋಕರಂಜನೆಯೆಂದುದನ್ನೇ ಇವರು ವಿಶ್ವಾಸವೆಂದರು. ಮುಂದೆ 1976ರ ತಿದ್ದುಪಡಿಯಿಂದ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿಯೂ 153–ಬಿ ಎಂಬ ಪ್ರಕರಣವು ಸೇರಿ, ದಾವೆಯು ನಡೆಯುವ ಸ್ಥಳವು ಸಾಲುವಷ್ಟು ಮಟ್ಟಿಗೆ ಸಾರ್ವಜನಿಕರಿಗೆ ತೆರೆದಿರುವ ನ್ಯಾಯಾಲಯವೆಂದು ವಿಧಿಸಲ್ಪಟ್ಟಿತು.

ಇನ್ನು ಮಾಹಿತಿಯ ಹಕ್ಕು. ಇದರ ಹುಟ್ಟೇ ಬಹಿರಂಗ ಸಭೆಯಲ್ಲಿ ಆಯಿತೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್‌ಕಿರಾನಾ ಎಂಬ ಗ್ರಾಮದಲ್ಲಿ 1994ನೆಯ ಡಿಸೆಂಬರ್ 2ರಂದು ಮಜದೂರ್ ಕಿಸಾನ್ ಶಕ್ತಿ ಸಂಘಟನೆಯವರು ಜನಸುನವಾಯಿ, ಎಂದರೆ ಜನರ ಎದುರಿನ ವಿಚಾರಣೆಯನ್ನು ಕೂಡಿಸಿದರು. ಸರಕಾರದ ಕಾಮಗಾರಿಗಳಲ್ಲಿ ಕೂಲಿ ಪಡೆದವರೆಂದು ಪಟ್ಟಿಯಲ್ಲಿ ಬರೆದಿದ್ದ ಹೆಸರುಗಳನ್ನು ಗಟ್ಟಿಯಾಗಿ ಓದಲಾಯಿತು. ಆ ಹೆಸರಿನವರೇ ಎದ್ದು ನಿಂತು, ತಾವು ಆ ಕೆಲಸಕ್ಕೆ ಹೋಗಲಿಲ್ಲ, ಆ ಕೂಲಿ ಪಡೆಯಲಿಲ್ಲ ಎಂದರು. ಪಟ್ಟಿಯು ಕಚೇರಿಯ ಬೀರುವಿನಲ್ಲಿದ್ದಷ್ಟು ಕಾಲ ಅದರ ಸುಳ್ಳು ಸುಳ್ಳಾಗಿರಲಿಲ್ಲ. ಊರವರ ಕಿವಿಗೆ ಬಿದ್ದ ಕ್ಷಣವೇ ಅದು ಸುಳ್ಳಾಯಿತು. ಇಂಥ ಸಭೆಗಳಿಂದ ಬೆಳೆದ ಬೇಡಿಕೆಯು ನಾನಾ ರಾಜ್ಯಗಳ ಕಾಯಿದೆಗಳಾಗಿ, ಕಡೆಗೆ ಕೇಂದ್ರದ ಕಾಯಿದೆಯಾಗಿ, 2005ನೆಯ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂದಿತು. ಅದಕ್ಕೆ ಮೊದಲೇ ಕರ್ನಾಟಕವು 2000ದಲ್ಲಿ ತನ್ನದೇ ಕಾಯಿದೆಯನ್ನು ಮಾಡಿಕೊಂಡಿದ್ದಿತು. ಅದರ ಪ್ರಕಾರ ಎರಡನೆಯ ಮೇಲ್ಮನವಿಯು ಕರ್ನಾಟಕ ಮೇಲ್ಮನವಿ ನ್ಯಾಯಮಂಡಲಿಗೆ ಹೋಗುತ್ತಿತ್ತು. ಕೇಂದ್ರದ ಕಾಯಿದೆಯು ಬಂದ ಮೇಲೆ ಆ ಅಧಿಕಾರವು ಕರ್ನಾಟಕ ಮಾಹಿತಿ ಆಯೋಗಕ್ಕೆ ಸೇರಿತು.

ಈ ಆಯೋಗದ ಮುಂದೆ ನಡೆಯುವ ವಿಚಾರಣೆಯು ಬಹಿರಂಗವಾಗಿರಬೇಕೆಂದಾಗಲಿ ಗೋಪ್ಯವಾಗಿರಬೇಕೆಂದಾಗಲಿ ಕಾಯಿದೆಯ ಯಾವ ಪ್ರಕರಣವೂ ಸ್ಪಷ್ಟವಾಗಿ ಹೇಳುವುದಿಲ್ಲ. ಸಾಕ್ಷಿಗಳನ್ನು ಕರೆಸುವುದು, ಪ್ರಮಾಣದ ಮೇಲೆ ಹೇಳಿಕೆ ಪಡೆಯುವುದು, ದಾಖಲೆಗಳನ್ನು ತರಿಸುವುದು ಮೊದಲಾದ ಸಿವಿಲ್ ನ್ಯಾಯಾಲಯದ ಅಧಿಕಾರಗಳನ್ನು 18ನೆಯ ಪ್ರಕರಣವು ಆಯೋಗಕ್ಕೆ ಕೊಟ್ಟಿದೆ. ಆದರೆ ತೆರೆದ ಬಾಗಿಲಿನ ನಿಯಮವು ಆ ಪಟ್ಟಿಯಲ್ಲಿ ಸೇರಿಲ್ಲ. ಕೇಂದ್ರ ಆಯೋಗಕ್ಕಾಗಿ 2005ರಲ್ಲಿ ಮಾಡಿದ ಮೇಲ್ಮನವಿ ನಿಯಮಗಳಲ್ಲಿ, ಆಜ್ಞೆಯನ್ನು ಬಹಿರಂಗ ನಡವಳಿಯಲ್ಲಿ ಸಾರತಕ್ಕದ್ದೆಂಬ ಮಾತು ಇದ್ದಿತು. 2012ರಲ್ಲಿ ಆ ನಿಯಮಗಳ ಸ್ಥಾನಕ್ಕೆ ಹೊಸ ನಿಯಮಗಳು ಬಂದಾಗ, ಆಜ್ಞೆಯು ಬರವಣಿಗೆಯಲ್ಲಿ ಇರತಕ್ಕದ್ದೆಂಬುದು ಉಳಿದು, ಬಹಿರಂಗವಾಗಿ ಸಾರುವ ಮಾತು ಬಿಟ್ಟುಹೋಯಿತು. ಮೇಲಾಗಿ, ಮಾಹಿತಿ ಆಯೋಗಗಳು ನ್ಯಾಯಮಂಡಲಿಗಳಂತೆ ಕೆಲಸ ಮಾಡುವುದರಿಂದ ಅವುಗಳಲ್ಲಿ ನ್ಯಾಯಾಂಗದವರೂ ಇರಬೇಕೆಂದು ನಮಿತ್ ಶರ್ಮಾ ಮೊಕದ್ದಮೆಯಲ್ಲಿ 2012ರಲ್ಲಿ ಹೇಳಿದ್ದ ಸರ್ವೋಚ್ಚ ನ್ಯಾಯಾಲಯವು, 2013ರಲ್ಲಿ ಅದನ್ನು ಪುನರ್ವಿಮರ್ಶಿಸಿ, ಅವುಗಳ ಕೆಲಸವು ಆಡಳಿತಸಂಬಂಧವಾದುದೆಂದು ನಿರ್ಣಯಿಸಿತು. ಹೀಗಿರಲು, ಇದು ನ್ಯಾಯಾಲಯವಲ್ಲವಾದ್ದರಿಂದ ಇಲ್ಲಿ ಶ್ರೋತೃಗಳಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ, ಉತ್ತರವಾಗಿ ತೋರಿಸಬಹುದಾದ ಅಕ್ಷರವು ಕಾಯಿದೆಯಲ್ಲಿ ಇಲ್ಲ. ತತ್ತ್ವವಿದೆ, ಸಂಪ್ರದಾಯವಿದೆ, ಸಂಪ್ರದಾಯವಾದರೋ ಆಚರಿಸುವವರು ಇರುವ ತನಕ ಮಾತ್ರ ಉಳಿಯತಕ್ಕದ್ದು.

ಮಾಹಿತಿಯ ವಿಚಾರಣೆಗೆ ಶ್ರೋತೃಗಳು ಏಕೆ ಬೇಕು? ಸಾಮಾನ್ಯ ದಾವೆಯಲ್ಲಿ ವಾದಿಯ ಹೊಲವು ವಾದಿಯದೇ. ಮಾಹಿತಿಯ ಅರ್ಜಿಯಲ್ಲಿ ಹಾಗಲ್ಲ. ಗೊರೂರಿನಲ್ಲಿ 1979ರಲ್ಲಿ ಮುಗಿದ ಹೇಮಾವತಿ ಅಣೆಕಟ್ಟಿಗಾಗಿ ಭೂಮಿ ಬಿಟ್ಟ ಕುಟುಂಬಗಳನ್ನು ನೆನೆಯಬಹುದು. ಅವರಲ್ಲಿ ಒಬ್ಬನು ಪರಿಹಾರದ ಕಡತವನ್ನು ಕೇಳಿದನೆನ್ನಿ. ಅವನು ಕೇಳಿದ ಕಡತವೇ ಅವನ ನೆರೆಯವನ ಕಡತವೂ ಆಗಿರುವುದು. ಅರಕಲಗೂಡಿನಲ್ಲಿ ಒಬ್ಬನು ಬಗರ್‌ಹುಕುಂ ಸಾಗುವಳಿಯ ಪಟ್ಟಿಯನ್ನು ಕೇಳಿದರೂ, ಹೊಳೆನರಸೀಪುರದಲ್ಲಿ ಇನ್ನೊಬ್ಬನು ನಾಲೆಯ ದುರಸ್ತಿಯ ಲೆಕ್ಕವನ್ನು ಕೇಳಿದರೂ, ದೊರೆಯುವ ಉತ್ತರವು ಒಂದು ಊರಿಗೆಲ್ಲ ಸೇರಿದ್ದು. ಮಾಹಿತಿಯನ್ನು ನಿರಾಕರಿಸಿದ್ದು ನ್ಯಾಯವೆಂದು ಸ್ಥಾಪಿಸುವ ಭಾರವನ್ನು ಕಾಯಿದೆಯ 19ನೆಯ ಪ್ರಕರಣವು ಅಧಿಕಾರಿಯ ಮೇಲೆಯೇ ಹೊರಿಸಿದೆ; ಸಕಾರಣವಿಲ್ಲದೆ ತಡೆದವನಿಗೆ 20ನೆಯ ಪ್ರಕರಣವು ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿಯವರೆಗೆ ದಂಡವನ್ನು ಹೇಳಿದೆ. ಅಧಿಕಾರಿಯು ಯಾವ ಕಾರಣವನ್ನು ಕೊಟ್ಟನು, ಆಯೋಗವು ಅದನ್ನು ಏಕೆ ಒಪ್ಪಿತು ಅಥವಾ ಏಕೆ ತಳ್ಳಿತು, ದಂಡವನ್ನು ವಿಧಿಸಿತೋ ಕ್ಷಮಿಸಿತೋ ಎಂಬುದನ್ನು ಕೇಳಿದವನಿದ್ದರೆ, ಅದೇ ಊರಿನ ಎರಡನೆಯ ಅರ್ಜಿದಾರನು ಮೊದಲಿನಿಂದ ಕಷ್ಟಪಡಬೇಕಾಗಿಲ್ಲ. ‘ಕಡತವು ಸಿಕ್ಕುವುದಿಲ್ಲ’ ಎಂಬ ಉತ್ತರವನ್ನು ಒಬ್ಬನೇ ಅರ್ಜಿದಾರನ ಎದುರಿನಲ್ಲಿ ಹೇಳುವುದು ಸುಲಭ; ಅದೇ ತಾಲ್ಲೂಕಿನ ಹತ್ತು ಮಂದಿಯೂ ಒಬ್ಬ ವರದಿಗಾರನೂ ಕುಳಿತಿರುವಾಗ ಅಷ್ಟು ಸುಲಭವಲ್ಲ. ಶ್ರೋತೃವಿನಿಂದ ಒಳ್ಳೆಯ ಅಧಿಕಾರಿಗೂ ರಕ್ಷಣೆಯುಂಟು. ದ್ವೇಷಕ್ಕಾಗಿಯೇ ಅರ್ಜಿಯ ಮೇಲೆ ಅರ್ಜಿ ಹಾಕಿ ಪೀಡಿಸುವವನ ಸ್ವರೂಪವು ಸಭೆಯಲ್ಲಿ ಬಯಲಾಗುವಂತೆ ಕೋಣೆಯಲ್ಲಿ ಬಯಲಾಗದು.

ಇದಕ್ಕೆ ಆಕ್ಷೇಪವಿಲ್ಲದೆ ಇಲ್ಲ. ಕೊಡಬಹುದೋ ಕೊಡಬಾರದೋ ಎಂಬುದೇ ವಿವಾದವಾಗಿರುವ ಸಂಗತಿಯನ್ನು ಎಲ್ಲರ ಎದುರಿನಲ್ಲಿ ಚರ್ಚಿಸಿದರೆ, ತೀರ್ಪಿಗೆ ಮೊದಲೇ ಅದು ಹೊರಬಿದ್ದಂತಾಗದೇ ಎಂದು ಕೇಳುವರು. ಒಬ್ಬರ ರೋಗ, ಕುಟುಂಬ, ಸಾಲಗಳ ಸಂಗತಿಯು ಬೀದಿಗೆ ಬರಬಾರದೆಂಬುದು ನಿಜ. ಆದರೆ ಇದಕ್ಕೆ ಪರಿಹಾರವು ಕಾಯಿದೆಯಲ್ಲಿಯೇ ಇದೆ. ಯಾವ ದಾಖಲೆಯನ್ನಾದರೂ ತರಿಸಿ ಪರಿಶೀಲಿಸುವ ಅಧಿಕಾರವು ಆಯೋಗಕ್ಕುಂಟು. ದಾಖಲೆಯನ್ನು ಆಯುಕ್ತರು ತಾವೊಬ್ಬರೇ ನೋಡಲಿ, ವಾದವನ್ನು ಎಲ್ಲರೂ ಕೇಳಲಿ, ಇವೆರಡಕ್ಕೂ ವಿರೋಧವಿಲ್ಲ. ಅಪೂರ್ವವಾಗಿ ಬಾಗಿಲನ್ನು ಮುಚ್ಚಬೇಕಾದರೆ ಅದರ ಕಾರಣವನ್ನು ಬರೆದಿಡುವುದು ಯುಕ್ತ. ವಿನಾಯಿತಿಯೇ ನಿಯಮವಾಗಕೂಡದೆಂಬುದಷ್ಟೇ ಇಲ್ಲಿಯ ವಿವಕ್ಷೆ.

ಈಗ ನಾಲ್ಕು ತಾಲ್ಲೂಕುಗಳ ಸ್ಥಿತಿಯನ್ನು ನೋಡೋಣ. ಅರ್ಜಿಯೂ ಮೊದಲನೆಯ ಮೇಲ್ಮನವಿಯೂ ಸಾಮಾನ್ಯವಾಗಿ ತಾಲ್ಲೂಕು, ಜಿಲ್ಲಾ ಕಚೇರಿಗಳಲ್ಲಿಯೇ ತೀರುವುವು. ಎರಡನೆಯ ಮೇಲ್ಮನವಿಯಾದರೋ ಆಯೋಗಕ್ಕೆ ಹೋಗುವುದು. ಅದರ ಕೇಂದ್ರ ಕಚೇರಿ ಬೆಂಗಳೂರಿನ ಮಾಹಿತಿ ಸೌಧ. ಬೆಳಗಾವಿ, ಕಲಬುರಗಿಗಳ ಪೀಠಗಳು ಉತ್ತರದ ಜಿಲ್ಲೆಗಳವರಿಗಾಗಿ ಇರತಕ್ಕವು. ಹಾಸನದಿಂದ ಬೆಂಗಳೂರು ಸುಮಾರು 185 ಕಿಲೋಮೀಟರು. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ಲುಗಳ ಮಾರ್ಗವಾಗಿ ನೇರವಾದ ರೈಲುದಾರಿ ತೆರೆದ ಮೇಲೆ ಪ್ರಯಾಣವು ಹಗುರವಾಯಿತಾದರೂ, ಅರಕಲಗೂಡಿನ ರೈತನಿಗೆ ಕೆಲವು ನಿಮಿಷಗಳ ವಿಚಾರಣೆಗಾಗಿ ಒಂದು ದಿನದ ದುಡಿಮೆಯು ಹೋಗುವುದು ತಪ್ಪಲಿಲ್ಲ. ತನ್ನದೇ ವ್ಯಾಜ್ಯಕ್ಕೆ ಹೋಗುವುದು ಇಷ್ಟು ಕಷ್ಟವಾದರೆ, ಇನ್ನೊಬ್ಬನ ವ್ಯಾಜ್ಯವನ್ನು ಕೇಳುವುದಕ್ಕಾಗಿ ಯಾರು ಹೋದಾರು? ಜಿಲ್ಲೆಯ ಸಣ್ಣ ಪತ್ರಿಕೆಯು ತನ್ನ ವರದಿಗಾರನನ್ನು ಎಷ್ಟು ಸಲ ಕಳುಹಿಸೀತು?

2023ನೆಯ ಅಕ್ಟೋಬರ್ 9ರಂದು ಸರ್ವೋಚ್ಚ ನ್ಯಾಯಾಲಯವು ಕಿಶನ್ ಚಂದ್ ಜೈನ್ ಮೊಕದ್ದಮೆಯಲ್ಲಿ, ಎಲ್ಲ ರಾಜ್ಯಗಳ ಮಾಹಿತಿ ಆಯೋಗಗಳೂ ಆ ವರ್ಷದ ಡಿಸೆಂಬರ್ 31ರೊಳಗೆ, ಪಕ್ಷಗಾರರು ನೇರವಾಗಿ ಬಂದಾಗಲಿ ದೂರದಿಂದ ದೃಶ್ಯಯಂತ್ರದ ಮೂಲಕವಾಗಲಿ ಹಾಜರಾಗುವ ಏರ್ಪಾಟನ್ನು ಮಾಡಬೇಕೆಂದು ಆಜ್ಞೆ ಮಾಡಿತು. ಬಡ ಅರ್ಜಿದಾರನಿಗೆ ಇದು ದೊಡ್ಡ ಉಪಕಾರ. ಆದರೆ ಇದರ ಜೊತೆಯಲ್ಲಿಯೇ ಒಂದು ನಷ್ಟವು ಸದ್ದಿಲ್ಲದೆ ಸಂಭವಿಸಬಹುದು. ದೂರದ ವಿಚಾರಣೆಯ ಕೀಲಿಯನ್ನು ಅರ್ಜಿದಾರನಿಗೂ ಅಧಿಕಾರಿಗೂ ಮಾತ್ರವೇ ಕಳುಹಿಸಿದರೆ, ಆಯುಕ್ತರು ಒಂದು ಕಡೆ, ಅಧಿಕಾರಿಯು ಒಂದು ಕಡೆ, ಅರ್ಜಿದಾರನು ಒಂದು ಕಡೆ ಇದ್ದು, ಬಾಗಿಲನ್ನು ಯಾರೂ ಮುಚ್ಚದೆಯೇ ಏಕಾಂತವು ಏರ್ಪಟ್ಟುಬಿಡುವುದು. ಶುಕ್ರನೀತಿಯು ಹೇಳಿದ ಐದನೆಯ ಕಾರಣವು ಯಾರ ದುರುದ್ದೇಶವೂ ಇಲ್ಲದೆ ಮರಳಿ ಬಂದಂತಾಗುವುದು. ಇದಕ್ಕೆ ಮದ್ದು ಆ ಯಂತ್ರದಲ್ಲಿಯೇ ಉಂಟು. ಕರ್ನಾಟಕದ ಉಚ್ಚ ನ್ಯಾಯಾಲಯವು ತನ್ನ ಕಲಾಪಗಳನ್ನು ಲೋಕಕ್ಕೆ ನೇರವಾಗಿ ತೋರಿಸುವುದಕ್ಕೆ ನಿಯಮಗಳನ್ನು ಮಾಡಿ 2022ನೆಯ ಜನವರಿ 1ರಿಂದ ಜಾರಿಗೆ ತಂದಿತು. ಅದೇ ರೀತಿಯಲ್ಲಿ ಆಯೋಗದ ವಿಚಾರಣೆಯನ್ನೂ ತೋರಿಸುವುದಾದರೆ, ಹೊಳೆನರಸೀಪುರದ ವಾಚನಾಲಯದಲ್ಲಿ ಕುಳಿತವನೂ ಶ್ರೋತೃವಾಗಬಹುದು. ಉಚ್ಚ ನ್ಯಾಯಾಲಯಕ್ಕೆ ಆದುದು ಮಾಹಿತಿಯ ಆಯೋಗಕ್ಕೆ ಆಗದೆಂದು ಹೇಳಲು ಕಾರಣವು ತೋರುವುದಿಲ್ಲ.

ಆದರೆ ಸರಕಾರವಾಗಲಿ ಆಯೋಗವಾಗಲಿ ಏನು ಮಾಡಿದರೂ ಕಡೆಗೆ ಒಂದು ಕೆಲಸವು ಪ್ರಜೆಗಳಿಗೇ ಉಳಿಯುವುದು. ಆಯೋಗದ ವಿಚಾರಣಾ ಪಟ್ಟಿಯು ಅದರ ಜಾಲತಾಣದಲ್ಲಿ ಪ್ರಕಟವಾಗುವುದು. ಅದರಲ್ಲಿ ತಮ್ಮ ತಾಲ್ಲೂಕಿನ ಪ್ರಕರಣವು ಎಂದು ಬರುವುದೆಂದು ನೋಡಿಟ್ಟುಕೊಂಡು, ಊರಿನ ಸಂಘವೊಂದು ತಿಂಗಳಿಗೆ ಒಬ್ಬನನ್ನಾದರೂ ಕಳುಹಿಸಿ, ಅವನು ಕೇಳಿದುದನ್ನು ಒಂದು ಪುಟದಷ್ಟು ಬರೆಯಿಸಿ, ಪತ್ರಿಕೆಗೂ ಗ್ರಾಮಸಭೆಗೂ ಕೊಡುವುದು ಅಸಾಧ್ಯವಾದ ಕಾರ್ಯವಲ್ಲ. ಬೆಳಗೊಳದ ಭಂಡಾರಿ ಬಸದಿಯ ಕಲ್ಲು ಆರೂವರೆ ಶತಮಾನಗಳಿಂದ ಆ ವಿಚಾರಣೆಯ ವರದಿಯನ್ನು ಹೇಳುತ್ತಲೇ ಇದೆ. ಅಂದು ಅಲ್ಲಿ ನಿಂತು ಕೇಳಿದ ತಿರುಕುಲ, ಜಾಂಬವಕುಲದವರ ಹೆಸರೂ ಅರಸನ ಹೆಸರಿನೊಡನೆಯೇ ಅದರಲ್ಲಿ ಉಳಿದಿದೆ.